ತುಕ್ಕಿನ ಎರಡು ಚುಕ್ಕೆ

ನಿವೃತ್ತನಾಗಿ ಆರು ವರ್ಷವಾಗಿದ್ದರೂ ಅವನನ್ನು ಕಂಡವರೆಲ್ಲ ಬೈಂಡರ್ ಎಂದೇ ಕರೆಯುತ್ತಿದ್ದರು. ದೊಡ್ಡ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಮೂವತ್ತೆಂಟು ವರ್ಷ ಹರಿದ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ಅಂಟು ಬಳಿದು, ರಟ್ಟು ಕಟ್ಟಿ ಮೇಲಕ್ಕೆ ಕಳಿಸಿದವನು. ಬೆರಳ ತುದಿಗಳು ಎಷ್ಟು ಗಟ್ಟಿಯಾಗಿದ್ದವೆಂದರೆ ಕುದಿಯುವ ಟೀ ಲೋಟವನ್ನು ಬರಿಗೈಯಲ್ಲಿ ಹಿಡಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು, ತಾನು ಹೇಳಿದ್ದೇ ಸರಿ ಎಂಬ ಹಟ ಮಾತ್ರ ಕೊಂಚ ಜಾಸ್ತಿ. ಅವನ ಹೆಂಡತಿಯನ್ನು ಕೇಳಿದ್ದರೆ ಈ ‘ಕೊಂಚ’ ಎಂಬ ಮಾತಿಗೆ ತಕರಾರು ತೆಗೆಯುತ್ತಿದ್ದಳು.

ಕೆಲಸಕ್ಕೆ ಸೇರಿದ ಮೊದಲ ದಿನವೇ ಅಲ್ಲಿನ ಮೇಸ್ತ್ರಿ ಅವನಿಗೊಂದು ಪಾಠ ಹೇಳಿಕೊಟ್ಟಿದ್ದ.

“ಪುಸ್ತಕ ಕೈಗೆ ಬಂತಾ, ಮೊದ್ಲು ಪಿನ್ನು ಕೀಳು. ಪಿನ್ನು ತುಕ್ಕು ಹಿಡಿಯುತ್ತೆ, ತುಕ್ಕು ಕಾಗದ ತಿನ್ನುತ್ತೆ. ಜೊತೇಲಿ ಚೀಟಿ ಗೀಟಿ ಏನಿದ್ರೂ ಬುಟ್ಟಿಗೆ ಹಾಕು. ಓದ್ತಾ ಕೂತ್ಕೋಬೇಡ.”

ಚೀಟಿಗಳು ಬುಟ್ಟಿಗೆ ಹೋಗಬಹುದಿತ್ತು, ಪಿನ್ನುಗಳು ಹೋಗುವಂತಿರಲಿಲ್ಲ. ಹಿಂದೊಮ್ಮೆ ಕಸ ಗುಡಿಸುವ ಹೆಂಗಸಿನ ಬೆರಳಿಗೆ ಬುಟ್ಟಿಯೊಳಗಿನ ಪಿನ್ನು ಚುಚ್ಚಿ, ಕೀವಾಗಿ, ಆಕೆ ತಿಂಗಳುಗಟ್ಟಲೆ ನರಳಿದ್ದಳು. ಅಂದಿನಿಂದ ಕಿತ್ತ ಪಿನ್ನುಗಳನ್ನು ಡಬ್ಬಿಯಲ್ಲಿ ಹಾಕಿಡುವುದು ಆ ನೆಲಮಾಳಿಗೆಯ ಕಟ್ಟಳೆಯಾಗಿತ್ತು. ಬೈಂಡರ್ ಈ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದ. ಮನೆಯ ಕಪಾಟಿನಲ್ಲೂ ಅವನದೇ ಒಂದು ಬಿಸ್ಕತ್ತಿನ ಡಬ್ಬಿ ಇತ್ತು, ಅದರ ತುಂಬ ತುಕ್ಕು ಹಿಡಿದ ಪಿನ್ನುಗಳು.

ಮನೆಯ ಡಬ್ಬಿಯ ಪಿನ್ನುಗಳು ಪುಸ್ತಕದವಲ್ಲ, ನಾಟಕದವು. ಅವನಿಗೊಂದು ಹುಚ್ಚಿತ್ತು. ಹಳೆಯ ಸಂಗೀತ ನಾಟಕಗಳ ಕಾರ್ಯಕ್ರಮ ಪುಸ್ತಿಕೆಗಳನ್ನು ಕೂಡಿಹಾಕುವ ಹುಚ್ಚು. ರಂಗಮಂದಿರದ ಬಾಗಿಲಲ್ಲಿ ಪ್ರೇಕ್ಷಕರ ಕೈಗೆ ಕೊಡುತ್ತಿದ್ದ ಹದಿನಾರು ಪುಟದ ಪುಸ್ತಿಕೆ ಅದು. ಎರಡು ಬಣ್ಣದ ಹೊದಿಕೆ, ಅದರ ಮೂಲೆಯಲ್ಲಿ ಆ ದಿನದ ತಾರೀಕು ಮತ್ತು ಎಷ್ಟನೆಯ ಪ್ರದರ್ಶನ ಎಂಬುದರ ಮುದ್ರೆ, ಒಳಗೆ ಕಥೆಯ ಸಾರಾಂಶ, ಹಾಡುಗಳ ಪಟ್ಟಿ, ಪಾತ್ರವರ್ಗ, ಮಧ್ಯೆ ಮಧ್ಯೆ ಹಲ್ಲುಪುಡಿಯ ಮತ್ತು ಛತ್ರಿಯ ಜಾಹೀರಾತು. ನಾಟಕ ಮುಗಿದ ಮೇಲೆ ಜನ ಅದನ್ನು ಕುರ್ಚಿಯ ಕೆಳಗೆ ಬಿಟ್ಟು ಹೋಗುತ್ತಿದ್ದರು. ಅಂಥ ಒಂಬೈನೂರ ನಲವತ್ತು ಪುಸ್ತಿಕೆಗಳು ಅವನ ಮನೆಯ ಸಣ್ಣ ಕೋಣೆಯಲ್ಲಿ ರಾಜಮರ್ಯಾದೆಯಿಂದ ಮಲಗಿದ್ದವು. ಆ ಕೋಣೆಗೆ ಬಿಸಿಲು ಬೀಳಬಾರದು, ಒಗೆದ ಬಟ್ಟೆ ಅಲ್ಲಿ ಒಣಗಬಾರದು, ಒದ್ದೆ ಕೈಯಲ್ಲಿ ಯಾರೂ ಹೊಸ್ತಿಲು ದಾಟಬಾರದು.

“ನಂಗೆ ನ್ಯುಮೋನಿಯಾ ಆದಾಗ ನೀವು ಇಷ್ಟು ನೋಡ್ಕೊಂಡಿರ್ಲಿಲ್ಲ,” ಎಂದು ಹೆಂಡತಿ ಹಂಗಿಸುತ್ತಿದ್ದಳು. ಅವನು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ.

ಕೋಣೆಯ ಮೇಜಿನ ಮೇಲೆ ಒಂದು ದಪ್ಪ ರಿಜಿಸ್ಟರು ಇತ್ತು. ನಾಟಕ, ರಂಗಮಂದಿರ, ತಾರೀಕು, ಎಷ್ಟನೆಯ ಪ್ರದರ್ಶನ, ಯಾವ ಪಾತ್ರ ಯಾರು, ಕೊನೆಯಲ್ಲಿ ‘ಆಧಾರ’ ಎಂಬ ಕಾಲಮ್ಮು. ಕಾಗದದ ಆಧಾರ ಇದ್ದರೆ ಕಪ್ಪು ಇಂಕು, ಬಾಯಿಮಾತಾದರೆ ಪೆನ್ಸಿಲು. ಪೆನ್ಸಿಲಿನ ಸಾಲು ಕಂಡರೆ ಅವನಿಗೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗಾಗುತ್ತಿತ್ತು. ಹಳೆಯ ನಾಟಕಗಳ ವಿಷಯದಲ್ಲಿ ಯಾರಿಗೆ ಏನು ಅನುಮಾನ ಬಂದರೂ ಅವನನ್ನೇ ಕೇಳುತ್ತಿದ್ದರು. ಅವನು ಪುಟ ತಿರುವಿ ತೀರ್ಪು ಹೇಳುತ್ತಿದ್ದ. ಕೂಡಿಹಾಕುವವರಿಗೆ ಮೊದಲು ವಸ್ತುವಿನ ಮೇಲೆ ಪ್ರೀತಿ ಇರುತ್ತದೆ. ಬರಬರುತ್ತ ಅದು ತೀರ್ಪು ಹೇಳುವ ಚಪಲವಾಗುತ್ತದೆ. ಬೈಂಡರಿಗೆ ಅದು ಯಾವ ವರ್ಷ ಆಯಿತೋ, ರಿಜಿಸ್ಟರಿನಲ್ಲಿ ದಾಖಲಾಗಿಲ್ಲ.

ಈ ಹುಚ್ಚು ಹಿಡಿಸಿದವಳು ಅವನ ಅಕ್ಕ. ಅವನಿಗಿಂತ ಎಂಟು ವರ್ಷ ದೊಡ್ಡವಳು. ಹತ್ತೊಂಬತ್ತರ ವಯಸ್ಸಿಗೆ ಸಂಗೀತ ನಾಟಕದ ಮೇಳಕ್ಕೆ ಸೇರಿದಳು. ಮೇಳ ಎಂದರೆ ಹಿಂದೆ ಸಾಲಾಗಿ ನಿಂತು ದನಿಗೂಡಿಸುವ ಹನ್ನೊಂದು ಹುಡುಗಿಯರು. ಮನೆಗೆ ಬರುವಾಗ ಕುರ್ಚಿಗಳ ಕೆಳಗಿಂದ ಪುಸ್ತಿಕೆಗಳನ್ನು ಹೆಕ್ಕಿ ತಂದು ತಮ್ಮನಿಗೆ ಕೊಡುತ್ತಿದ್ದಳು. ಅವುಗಳ ಕೊನೆಯ ಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಮೇಳದವರ ಹೆಸರಿರುತ್ತಿತ್ತು. ಅಕ್ಕನದು ಒಂಬತ್ತನೆಯದು. ಮದುವೆಯಾದ ಮೇಲೆ ರಂಗ ಬಿಟ್ಟು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆದಳು. ಮೂವತ್ತು ವರ್ಷ ಊರಿನವರೆಲ್ಲ ಅವಳ ದನಿ ಕೇಳಿದರು, ಮುಖ ಯಾರೂ ನೋಡಲಿಲ್ಲ.

ಅಕ್ಕನಿಗೆ ಹೇಳಿಕೊಳ್ಳಲು ಒಂದೇ ಒಂದು ಕಥೆ ಇತ್ತು. ‘ದೀಪದಂಗಡಿ’ ಎಂಬ ಸಂಗೀತ ನಾಟಕ ಒಂದು ವರ್ಷ ಒಂದೇ ಸಮನೆ ತುಂಬಿದ ರಂಗಮಂದಿರದಲ್ಲಿ ನಡೆಯಿತು. ಅದರ ನೂರ ಹನ್ನೆರಡನೆಯ ಪ್ರದರ್ಶನದ ದಿನ ನಾಯಕಿಗೆ ಗಂಟಲು ಕಟ್ಟಿತಂತೆ. ಮಧ್ಯಾಹ್ನದ ಆಟಕ್ಕೆ ಎರಡು ಗಂಟೆ ಮೊದಲು ಮ್ಯಾನೇಜರು ಮೇಳದ ಹುಡುಗಿಯರ ಕಡೆ ನೋಡಿ, “ಎಲ್ಲಾ ಹಾಡು ಯಾರಿಗೆ ಬರುತ್ತೆ?” ಎಂದು ಕೇಳಿದನಂತೆ. ಅಕ್ಕ ಕೈ ಎತ್ತಿದಳಂತೆ. ಅಂಗಡಿಯೊಡತಿಯ ವೇಷ ತೊಟ್ಟು ಮೂರು ಹಾಡು ಹಾಡಿದಳಂತೆ. ಮರುದಿನ ನಾಯಕಿ ಬಂದಳು, ಅಕ್ಕ ಮೇಳಕ್ಕೆ ಮರಳಿದಳು.

ಮನೆಯವರು ಈ ಕಥೆಗೆ ಹೂಂಗುಟ್ಟುತ್ತಿದ್ದರು. ನಂಬಿದರು ಎನ್ನುವುದು ಕಷ್ಟ. ಒಂಬತ್ತನೆಯ ಹೆಸರಿನವಳು ಒಂದು ದಿನ ನಾಯಕಿಯಾದಳು ಎಂದರೆ ಹಾಗಾದರೆ ಚೆನ್ನಾಗಿರುತ್ತಿತ್ತು ಎಂದು ಅವಳೇ ಕಟ್ಟಿಕೊಂಡ ಮಾತಿನ ಹಾಗೆ ಕೇಳುತ್ತಿತ್ತು.

ಬೈಂಡರಿಗೆ ಮೂವತ್ತು ವರ್ಷವಾಗಿದ್ದಾಗ ಆ ರಂಗಮಂದಿರ ಮುಚ್ಚಿತು. ಉಗ್ರಾಣದಲ್ಲಿ ಉಳಿದಿದ್ದ ಪುಸ್ತಿಕೆಗಳನ್ನು ಮೂಟೆ ಕಟ್ಟಿ ರದ್ದಿಗೆ ಹಾಕುತ್ತಾರೆಂದು ತಿಳಿದು ಅವನು ಓಡಿದ, ಇಡೀ ಮೂಟೆಯನ್ನು ಬೆನ್ನ ಮೇಲೆ ಹೊತ್ತು ತಂದ. ಒಂದು ವಾರ ರಜೆ ಹಾಕಿ, ಮೇಜಿನ ಮುಂದೆ ಕೂತು, ಒಂದೊಂದನ್ನೂ ಶುಚಿ ಮಾಡಿದ. ಧೂಳು ಒರೆಸಿದ, ಮಡಿಕೆ ಬಿಡಿಸಿದ, ಪಿನ್ನು ಕಿತ್ತ. ಪಿನ್ನು ಡಬ್ಬಿಗೆ, ಪಿನ್ನಿನ ಜೊತೆಗಿದ್ದದ್ದು ಬುಟ್ಟಿಗೆ. ತನ್ನ ಬಾಳಿನಲ್ಲಿ ಅಷ್ಟು ಸುಖದ ವಾರ ಇನ್ನೊಂದಿಲ್ಲ ಎಂದು ಅವನು ಅನೇಕ ಸಲ ಹೇಳಿದ್ದ.

ಅಕ್ಕನಿಗೆ ಅರವತ್ತು ತುಂಬಿದ ದಿನ ಮನೆ ತುಂಬ ನೆಂಟರಿದ್ದರು. ಊಟವಾದ ಮೇಲೆ ಅಕ್ಕನ ಬೀಗರು, ಅಂದರೆ ಮಗಳ ಅತ್ತೆ ಮಾವ, ಹಳೆಯದೇನಾದರೂ ಹೇಳಿ ಎಂದರು. ಅಕ್ಕ ಆ ಕಥೆ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಕೈ ತಾನಾಗಿ ಮೇಲೆದ್ದು ದೀಪ ಹಚ್ಚುವ ಅಭಿನಯ ಮಾಡುತ್ತಿತ್ತು. ಇನ್ನೇನು ಹಾಡಲು ಬಾಯಿ ತೆರೆಯಬೇಕು, ಅಷ್ಟರಲ್ಲಿ ಬೈಂಡರ್ ಎದ್ದ.

“ಇರಿ ಇರಿ, ಆಧಾರ ನೋಡೋಣ,” ಎಂದ.

ಆ ದಿನದ ‘ದೀಪದಂಗಡಿ’ಯ ಪುಸ್ತಿಕೆಯನ್ನು ಅವನು ಅಂದು ಚೀಲದಲ್ಲಿಟ್ಟುಕೊಂಡೇ ಬಂದಿದ್ದ. ಅಕ್ಕನಿಗೆ ತೋರಿಸಿ ಖುಷಿಪಡಿಸಲು ತಂದದ್ದು ಎಂದು ಆಮೇಲೆ ಹೆಂಡತಿಗೆ ಹೇಳಿದ. ಇದ್ದರೂ ಇರಬಹುದು. ಆದರೆ ಹತ್ತು ಜನರ ಎದುರು ಅವನು ಮಾಡಿದ್ದೇ ಬೇರೆ. ತಾರೀಕಿನ ಮುದ್ರೆ ತೋರಿಸಿದ, ನೂರ ಹನ್ನೆರಡನೆಯದೇ. ಪಾತ್ರವರ್ಗದ ಪುಟ ತೆರೆದ. ಅಂಗಡಿಯೊಡತಿ ಎಂಬಲ್ಲಿ ನಾಯಕಿಯ ಹೆಸರು ದಪ್ಪಕ್ಷರದಲ್ಲಿ ಕೂತಿತ್ತು.

“ಅಕ್ಕಾ, ನೀನು ಹಾಡಿದ್ರೆ ನಿನ್ನ ಹೆಸರು ಎಲ್ಲಿ? ಇದನ್ನ ನನ್ನ ರಿಜಿಸ್ಟರಲ್ಲಿ ಪೆನ್ಸಿಲಲ್ಲಿ ಬರ್ಯೋಕೂ ಆಗಲ್ಲ!”

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಮನೆಯವರ ನಗು. ಅದಕ್ಕೇ ಅದನ್ನು ತಡೆಯಲು ಯಾರಿಗೂ ತೋಚಲಿಲ್ಲ. ಅಕ್ಕನೂ ನಕ್ಕಳು, ಎತ್ತಿದ ಕೈಯನ್ನು ಮಡಿಲಿಗೆ ಇಳಿಸಿಕೊಂಡಳು. “ವಯಸ್ಸಾಯ್ತು, ಏನೋ ಕನಸು ಬಿದ್ದಿರ್ಬೇಕು,” ಎಂದಳು. ಅಂದಿನಿಂದ ಆ ಕಥೆಯನ್ನು ಅವಳು ಎತ್ತಲಿಲ್ಲ. ಪಾತ್ರೆ ತೊಳೆಯುವಾಗ ಗುನುಗುವ ಅಭ್ಯಾಸವಿತ್ತು, ಅದೂ ನಿಂತುಹೋಯಿತು. ಇದನ್ನು ಗಮನಿಸಿದವಳು ಬೈಂಡರನ ಹೆಂಡತಿ. ಹೇಳಿದಳು ಕೂಡ. ಅವನು, “ಸುಳ್ಳು ಹೇಳ್ಬಾರ್ದು, ಅಷ್ಟೆ,” ಎಂದಿದ್ದ.

ಹದಿನಾಲ್ಕು ವರ್ಷ ಹೀಗೇ ಕಳೆಯಿತು. ಈಗ ಅಕ್ಕನಿಗೆ ಎಪ್ಪತ್ನಾಲ್ಕು, ಅವನಿಗೆ ಅರವತ್ತಾರು. ಒಂದು ಮಂಗಳವಾರ ಬೆಳಿಗ್ಗೆ ಅಕ್ಕನ ಮಗಳು ಫೋನ್ ಮಾಡಿದಳು.

“ಮಾಮಾ, ರಿಪೋರ್ಟ್ ಬಂತು. ಗಂಟಲಲ್ಲಿ ಇರೋದು ಅದೇನೇ. ಸೋಮವಾರ ಆಪರೇಷನ್. ಜೀವಕ್ಕೆ ಭಯ ಇಲ್ವಂತೆ, ಆದ್ರೆ ಧ್ವನಿಪೆಟ್ಟಿಗೆ ತೆಗೀಲೇಬೇಕಂತೆ. ಆಮೇಲೆ ಅಮ್ಮ ಮಾತಾಡೋಕಾಗಲ್ಲ.”

ಅವನು ಅಂದೇ ಹೋಗಿ ಅಕ್ಕನನ್ನು ಕಂಡು ಬಂದ. ದನಿ ಆಗಲೇ ಒಡೆದಿತ್ತು. ಇಬ್ಬರೂ ಸೊಂಟನೋವು, ನಲ್ಲಿ ನೀರು, ಲಿಫ್ಟು ಕೆಟ್ಟಿರುವುದು, ಇಂಥದ್ದನ್ನೇ ಮಾತಾಡಿದರು. ಇನ್ನು ಆರು ದಿನವಷ್ಟೇ ಇರುವ ದನಿಯನ್ನು ಲಿಫ್ಟಿನ ಮೇಲೆ ಖರ್ಚು ಮಾಡಿಸಿದೆನಲ್ಲ ಎಂದು ಬಸ್ಸಿನಲ್ಲಿ ಕೂತ ಮೇಲೆ ಅನ್ನಿಸಿತು.

ಗುರುವಾರ ಮಧ್ಯಾಹ್ನ ಒಬ್ಬ ಹಲ್ಲಿನ ಡಾಕ್ಟರ ಮನೆಗೆ ಹೋಗುವುದು ಮೊದಲೇ ಗೊತ್ತಾಗಿತ್ತು. ಅವರದೂ ಇದೇ ಹುಚ್ಚು. ಇನ್ನೂರೇ ಪುಸ್ತಿಕೆಗಳಿದ್ದವು, ಅದಕ್ಕೇ ಬೈಂಡರ್ ಅವರ ಎದುರು ಸ್ವಲ್ಪ ಎದೆಯುಬ್ಬಿಸಿಯೇ ಕೂರುತ್ತಿದ್ದ. ಡಾಕ್ಟರು ಹೊಸದಾಗಿ ಸಿಕ್ಕ ಒಂದು ‘ದೀಪದಂಗಡಿ’ಯನ್ನು ಮುಂದಿಟ್ಟರು. ಪಾತ್ರವರ್ಗದ ಪುಟದ ಮೇಲೆ ಬೆರಳುದ್ದದ ಗುಲಾಬಿ ಚೀಟಿಯೊಂದನ್ನು ಪಿನ್ನಿನಿಂದ ಚುಚ್ಚಿದ್ದರು. ‘ಇಂದಿನ ಪ್ರದರ್ಶನದಲ್ಲಿ ಪೊಲೀಸ್ ಅಧಿಕಾರಿಯ ಪಾತ್ರವನ್ನು’ ಎಂದು ಶುರುವಾಗಿ ಬೇರೊಬ್ಬ ಹೆಸರಾಂತ ನಟನ ಹೆಸರಿನಲ್ಲಿ ಮುಗಿಯುತ್ತಿತ್ತು.

“ಯಾರಾದ್ರೂ ಹುಷಾರಿಲ್ದೆ ಮಲಗಿದ್ರೆ ಇಡೀ ಪುಸ್ತಿಕೆ ಮತ್ತೆ ಅಚ್ಚು ಹಾಕೋಕಾಗುತ್ತಾ? ಚೀಟಿ ಚುಚ್ಚಿಬಿಡ್ತಿದ್ರು,” ಎಂದರು ಡಾಕ್ಟರು. “ಈ ಚೀಟಿ ಸಿಗೋದೇ ಕಷ್ಟ. ನಿಮ್ಮಲ್ಲಿ ಎಷ್ಟಿದೆ?”

ಬೈಂಡರ್ ಪುಸ್ತಿಕೆಯನ್ನು ಮುಚ್ಚಿ ಡಾಕ್ಟರ ಕಡೆಗೆ ಸರಿಸಿದ.

“ನೋಡ್ಬೇಕು,” ಎಂದು ಎದ್ದವನು ಕೊಟ್ಟ ಟೀಯನ್ನೂ ಮುಟ್ಟದೆ ಹೊರಟ.

ಮನೆಗೆ ಬಂದು ನೂರ ಹನ್ನೆರಡನೆಯ ಪ್ರದರ್ಶನದ ಪುಸ್ತಿಕೆ ತೆಗೆದ. ಕಿಟಕಿಯ ಪರದೆ ಸರಿಸಿದ. ಆ ಕೋಣೆಗೆ ಬಿಸಿಲು ಬಿದ್ದದ್ದು ಬಹುಶಃ ಅದೇ ಮೊದಲು. ಪಾತ್ರವರ್ಗದ ಪುಟವನ್ನು ಓರೆಯಾಗಿ ಹಿಡಿದ. ನಾಯಕಿಯ ದಪ್ಪಕ್ಷರದ ಹೆಸರಿನ ಮೇಲ್ಗಡೆ ತುಕ್ಕಿನ ಎರಡು ಚುಕ್ಕೆ, ಅಕ್ಕಪಕ್ಕದಲ್ಲಿ. ಪಿನ್ನು ಒಳಹೊಕ್ಕ ಜಾಗ, ಹೊರಬಂದ ಜಾಗ. ಅವುಗಳ ಕೆಳಗೆ ಬೆರಳುದ್ದದ ಚೌಕದಲ್ಲಿ ಕಾಗದ ಸುತ್ತಲಿಗಿಂತ ಬಿಳಿಚಿಕೊಂಡಿತ್ತು. ಆ ಚೌಕದ ಮೇಲೆ ಹದಿನಾರು ವರ್ಷ ಏನೋ ಒಂದು ಕೂತಿದ್ದು ಗಾಳಿ ಧೂಳನ್ನು ತಡೆದಿತ್ತು. ಅದನ್ನು ಕಿತ್ತದ್ದು ಯಾರು ಎಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಹೆಂಡತಿ ಬಂದು ನೋಡಿದಾಗ ಅವನು ನೆಲದ ಮೇಲೆ ಕೂತು ಬಿಸ್ಕತ್ತಿನ ಡಬ್ಬಿಯನ್ನು ಕಾಗದದ ಮೇಲೆ ಸುರುವಿಕೊಂಡಿದ್ದ.

“ಏನ್ರೀ ಇದು?”

ಅವನು ಹೇಳಿದ. ಅವಳು ಬಾಗಿಲಿಗೆ ಒರಗಿ ಪೂರ್ತಿ ಕೇಳಿಸಿಕೊಂಡಳು.

“ಓದ್ದೆ ಎಸೆದ್ರಾ?”

“ಓದಿರ್ಲಿಕ್ಕಿಲ್ಲ.”

“ಓದಿದ್ರೋ ಇಲ್ವೋ?”

“ಗೊತ್ತಿಲ್ಲ ಕಣೇ.”

ಅದೇ ಅವನನ್ನು ಹಿಂಡಿದ್ದು. ಓದದೆ ಎಸೆದಿದ್ದರೆ ಅದು ಕೈತಪ್ಪು. ಓದಿಯೂ ಎಸೆದಿದ್ದರೆ? ಹದಿನಾಲ್ಕು ವರ್ಷದ ಹಿಂದೆ ಅಷ್ಟು ಧೈರ್ಯವಾಗಿ ಎದ್ದು ನಿಂತಾಗ ಮನಸ್ಸಿನ ಯಾವುದೋ ಮೂಲೆಗೆ ಆ ಚೀಟಿಯ ನೆನಪಿತ್ತೇ? ಎಷ್ಟು ಕೆದಕಿದರೂ ಬುಟ್ಟಿಯ ನೆನಪು ಬರುತ್ತಿತ್ತು, ಚೀಟಿಯದು ಬರುತ್ತಿರಲಿಲ್ಲ. ತುಕ್ಕು ಹಿಡಿದ ಪಿನ್ನುಗಳನ್ನು ಕಣ್ಣಿಗೊತ್ತಿಕೊಂಡು ಕಾಪಾಡಿ, ಅಕ್ಕನ ಮಾನವನ್ನು ಕಸದ ಬುಟ್ಟಿಗೆ ಹಾಕಿದ್ದೆ ಎಂದು ಅವನು ಬಾಯಿಬಿಟ್ಟೇ ಹೇಳಿದ. ಹೆಂಡತಿ ಅಲ್ಲ ಎನ್ನಲಿಲ್ಲ.

“ಹೋಗಿ ಅತ್ತಿಗೆಗೆ ಹೇಳಿ. ಇದ್ದದ್ದು ಇದ್ದ ಹಾಗೆ ಹೇಳಿ. ಇನ್ನೂ ನಾಲ್ಕು ದಿನ ಇದೆ,” ಎಂದಳು.

ಇನ್ನೊಂದು ವಿಷಯ ಅವನು ಹೆಂಡತಿಗೂ ಹೇಳಲಿಲ್ಲ. ನೂರ ಹನ್ನೆರಡನೆಯ ಪ್ರದರ್ಶನದ ಆ ಮಧ್ಯಾಹ್ನ ಅವನಿಗೆ ಹದಿನಾಲ್ಕು ವರ್ಷ. ಅಕ್ಕ ಮೂಲೆಯ ಅಂಗಡಿಗೆ ಫೋನ್ ಮಾಡಿ, ‘ನನ್ನ ತಮ್ಮನಿಗೆ ಇವತ್ತು ತಪ್ಪದೆ ಬಾ ಅಂತ ಹೇಳಿ, ಬಾಗಿಲಲ್ಲಿ ಪಾಸ್ ಇಟ್ಟಿರ್ತೀನಿ’ ಎಂದು ಹೇಳಿಕಳಿಸಿದ್ದಳು. ಅವನು ಹೂಂ ಎಂದು ಚೆಂಡಾಟಕ್ಕೆ ಓಡಿದ್ದ. ದಿನವೂ ನಡೆಯುವ ನಾಟಕ, ಹಿಂದಿನ ಸಾಲಿನ ಅಕ್ಕ, ನಾಳೆ ನೋಡಿದರಾಯಿತು. ಯಾಕೆ ಇವತ್ತೇ ಬಾ ಎಂದಳು ಎಂದು ಅವನು ಆಗಲೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಆಧಾರ ಹುಡುಕುತ್ತ ಬಾಳು ಸವೆಸಿದವನಿಗೆ ತಾನೇ ಒಂದು ಆಧಾರವಾಗಿದ್ದೆ ಎಂಬುದು ಹೊಳೆದಿರಲಿಲ್ಲ.

ಹೆಂಡತಿ ಹೇಳಿದ ಹಾಗೆ ಇದ್ದದ್ದು ಇದ್ದ ಹಾಗೆ ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ತಪ್ಪು ಮಾಡಿದವನಿಗೆ ಬಾಯಿಗಿಂತ ಕೈ ಮುಂದೆ ಹೋಗುತ್ತದೆ, ಅದರಲ್ಲೂ ಕಸುಬು ಗೊತ್ತಿರುವ ಕೈ. ಶುಕ್ರವಾರ ಅವನು ಗ್ರಂಥಾಲಯದ ನೆಲಮಾಳಿಗೆಗೆ ಇಳಿದ. ಈಗಿನ ಮೇಲ್ವಿಚಾರಕಿ ಅವನ ಕೈಕೆಳಗೇ ಪಳಗಿದವಳು, ಏನು ಎತ್ತ ಎಂದು ಕೇಳಲಿಲ್ಲ. ಪುಸ್ತಕದ ಬೆನ್ನಿಗೆ ಹೆಸರು ಒತ್ತಲು ಬಳಸುತ್ತಿದ್ದ ಹಳೆಯ ಅಚ್ಚುಮೊಳೆಗಳು ಮೇಜಿನ ಸೆಳೆಖಾನೆಯಲ್ಲಿ ಹಾಗೇ ಇದ್ದವು. ಹಳೆಯ ರಸೀದಿ ಪುಸ್ತಕವೊಂದರಲ್ಲಿ ತೆಳು ಗುಲಾಬಿ ಕಾಗದವೂ ಸಿಕ್ಕಿತು. ಹರಿದ ಪುಟಕ್ಕೆ ಅದೇ ಕಾಲದ ಕಾಗದ ಹುಡುಕಿ ತೇಪೆ ಹಾಕುವುದು ಬೈಂಡರನ ಧರ್ಮ, ಅದನ್ನು ಯಾರೂ ಮೋಸ ಎನ್ನುವುದಿಲ್ಲ. ಇದೂ ತೇಪೆಯೇ ಅಲ್ಲವೇ? ಇದ್ದದ್ದನ್ನೇ ಮತ್ತೆ ಇಡುತ್ತಿದ್ದೇನೆ, ಇಲ್ಲದ್ದನ್ನಲ್ಲ. ಹೀಗೆಂದು ತನಗೆ ತಾನೇ ವಾದ ಮಾಡಿಕೊಂಡು ಮೊಳೆ ಜೋಡಿಸಿದ.

‘ಇಂದಿನ ಪ್ರದರ್ಶನದಲ್ಲಿ ಅಂಗಡಿಯೊಡತಿಯ ಪಾತ್ರವನ್ನು’ ಎಂದು ಒತ್ತಿ, ಕೆಳಗೆ ಅಕ್ಕನ ಹೆಸರು ಒತ್ತಿದ. ಮದುವೆಗೆ ಮೊದಲಿನ ಹೆಸರು, ಒಂಬತ್ತನೆಯ ಸ್ಥಾನದಲ್ಲಿರುತ್ತಿದ್ದದ್ದು. ಹಳತಾಗಿ ಕಾಣಲೆಂದು ಟೀ ಸೊಪ್ಪಿನ ನೀರಿನಲ್ಲಿ ಅದ್ದಿ ಒಣಗಿಸಿದ. ಶನಿವಾರ ಮನೆಯಲ್ಲಿ ಡಬ್ಬಿಯಿಂದ ಒಂದು ಪಿನ್ನು ಆರಿಸಿ, ಹಳೆಯ ತೂತುಗಳಲ್ಲೇ ಹಾಯಿಸಿದ. ಚೀಟಿ ಬಿಳಿಚಿದ ಚೌಕದ ಮೇಲೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತಿತು. ಅವನ ಕೈಯಿಂದ ಅದಕ್ಕಿಂತ ನಯವಾದ ಕೆಲಸ ಬಂದಿರಲಿಲ್ಲ. ಎರಡು ದಿನದಿಂದ ಗಂಟಲಲ್ಲಿ ಇಳಿಯದಿದ್ದ ಅನ್ನ ಅಂದು ಇಳಿಯಿತು.

ಭಾನುವಾರ ಬೆಳಿಗ್ಗೆ ಅಕ್ಕ ಕಿಟಕಿಯ ಬಳಿ ಕೂತಿದ್ದಳು, ಕುತ್ತಿಗೆಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡು. ಮರುದಿನಕ್ಕೆ ಚೀಲ ಆಗಲೇ ಸಿದ್ಧವಾಗಿ ಬಾಗಿಲ ಬಳಿ ಇತ್ತು. ಅದರ ಮೇಲೆ ಹೊಸದೊಂದು ಸ್ಲೇಟು. ಅವನು ಪುಸ್ತಿಕೆಯನ್ನು ಅವಳ ಮಡಿಲಲ್ಲಿಟ್ಟ.

“ಅಕ್ಕಾ, ನೋಡು. ಚೀಟಿ ಸಿಕ್ತು.”

“ಎಲ್ಲಿತ್ತೋ?”

“ಬೇರೆ ಪುಸ್ತಿಕೆಯೊಳಗೆ ಸೇರ್ಕೊಂಡಿತ್ತು.”

ಈ ಮಾತನ್ನು ಅವನು ಬಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದ. ಅಕ್ಕನ ಮಗಳು ಬಗ್ಗಿ ಓದಿ ಕಿರುಚಿಯೇಬಿಟ್ಟಳು.

“ಅಮ್ಮಾ, ನಿನ್ನ ಹೆಸರು! ನೀನು ಹೇಳಿದ್ದು ನಿಜ! ಇರು, ಫೋಟೋ ತೆಗ್ದು ಎಲ್ಲರಿಗೂ ಕಳಿಸ್ತೀನಿ.”

ಅಕ್ಕ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. ಬೆರಳಿನಿಂದ ಪಿನ್ನನ್ನು ಸವರಿದಳು.

“ಫೋಟೋ ಆಮೇಲೆ ತೆಗಿ. ಮೊದ್ಲು ಮಾಮನಿಗೆ ಟೀ ಮಾಡ್ಕೊಂಡು ಬಾ. ಸಕ್ಕರೆ ಜಾಸ್ತಿ ಹಾಕು, ಇವತ್ತು ಅವನಿಗೆ ಬೇಕಾಗುತ್ತೆ.”

ಮಗಳು ಒಳಗೆ ಹೋದಳು. ಅಕ್ಕ ಒಡೆದ ದನಿಯಲ್ಲಿ, ಪ್ರತಿ ಮಾತಿಗೂ ತಡೆದು ತಡೆದು ಹೇಳಿದಳು.

“ಚೆನ್ನಾಗಿ ಮಾಡಿದ್ದೀಯ.”

“ಏನನ್ನ?”

“ಚೀಟೀನ ಕಣೋ. ನಿನ್ನ ಕೆಲಸ ಯಾವಾಗ್ಲೂ ಅಚ್ಚುಕಟ್ಟು.”

ಅವನು ಬಗ್ಗಿ ಚೀಟಿಯನ್ನು ಮತ್ತೊಮ್ಮೆ ನೋಡಿದ.

“ಆ ಚೀಟೀಲಿ ನನ್ನ ಹೆಸರು ಇರ್ಲೇ ಇಲ್ಲ,” ಎಂದಳು ಅಕ್ಕ. “ಮೇಳದ ಹುಡುಗಿ ಹೆಸರು ಹಾಕಿದ್ರೆ ಜನ ಎದ್ದು ಹೋಗ್ತಾರೆ ಅಂದ ಮ್ಯಾನೇಜರು. ‘ಅಂಗಡಿಯೊಡತಿಯ ಪಾತ್ರವನ್ನು ಬೇರೊಬ್ಬರು ನಿರ್ವಹಿಸುವರು’. ಅಷ್ಟೇ ಇದ್ದಿದ್ದು. ನಂಗೆ ಚೆನ್ನಾಗಿ ನೆನಪಿದೆ, ಯಾಕಂದ್ರೆ ಚುಚ್ಚಿದ್ದೇ ನಾವು. ಮೇಳದ ಹುಡುಗಿಯರೆಲ್ಲ ಸುತ್ತ ಕೂತ್ಕೊಂಡು ನಾನೂರು ಪುಸ್ತಿಕೆಗೆ ಚುಚ್ಚಿದ್ವಿ. ಪಕ್ಕದವಳು ನನ್ನ ತಿವಿದು, ‘ಬೇರೊಬ್ಬರೇ, ಬೇಗ ಬೇಗ ಚುಚ್ಚಿ’ ಅಂತಿದ್ಲು. ನಕ್ಕು ನಕ್ಕು ಸಾಕಾಗಿತ್ತು.”

ಇನ್ನು ಅವನಿಗೆ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಮೂಟೆ, ಪಿನ್ನು, ಬುಟ್ಟಿ, ಹಲ್ಲಿನ ಡಾಕ್ಟರು, ನೆಲಮಾಳಿಗೆ, ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಸಣ್ಣ ಹುಡುಗನ ಹಾಗೆ ಅತ್ತ. ಕೊನೆಗೆ ಚೆಂಡಾಟದ ವಿಷಯವನ್ನೂ ಹೇಳಿದ.

“ಅದು ಗೊತ್ತು,” ಎಂದಳು ಅಕ್ಕ. “ಮನೆಗೆ ಬಂದಾಗ ನಿನ್ನ ಮಂಡಿ ತರಚಿತ್ತು. ಅಂಚಿನ ಕುರ್ಚಿ ಇಡಿಸಿದ್ದೆ ನಿಂಗೆ, ಮೂರನೇ ಸಾಲಲ್ಲಿ. ಎರಡನೇ ಹಾಡು ಮುಗಿಯೋವರ್ಗೂ ಅದನ್ನೇ ನೋಡ್ತಿದ್ದೆ. ಆಮೇಲೆ ಬಿಟ್ಟೆ.”

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅಕ್ಕಾ? ಅವತ್ತು ಎಲ್ಲರ ಎದುರು ನನ್ನ ಬಾಯಿ ಮುಚ್ಚಿಸ್ಬಹುದಿತ್ತು.”

“ಏನಂತ ಹೇಳ್ಲಿ? ನಿನ್ನ ಹತ್ರ ಕಾಗದ ಇತ್ತು. ನನ್ನ ಹತ್ರ ನಾನಿದ್ದೆ, ಅಷ್ಟೆ. ನಂಗೆ ಕಾಗದ ಬೇಕಾಗಿರ್ಲಿಲ್ಲ ಕಣೋ. ಹೌದು, ನಮ್ಮಕ್ಕ ಹಾಡಿದ್ಲು ಅಂತ ನೀನೊಂದು ಮಾತು ಹೇಳಿದ್ರೆ ಸಾಕಿತ್ತು.”

ಅವನು ಮೂಗು ಒರೆಸಿಕೊಂಡ. ಕೇಳಬಾರದು ಎಂದುಕೊಂಡೇ ಕೇಳಿದ.

“ಈಗ ಒಂದ್ಸಲ ಹಾಡ್ತೀಯಾ? ಒಂದೇ ಸಾಲು. ನಾಳೆಗೆ ಮೊದ್ಲು.”

ಅಕ್ಕ ಕುತ್ತಿಗೆಯ ಬಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಸಿಟ್ಟೇನೂ ಇರಲಿಲ್ಲ ಮುಖದಲ್ಲಿ. ಸಿಟ್ಟಾಗಿದ್ದರೆ ಅವನಿಗೆ ಹಗುರವಾಗುತ್ತಿತ್ತು.

“ಆಗಲ್ಲ ಕಣೋ. ಹದಿನಾಲ್ಕು ವರ್ಷ ಇತ್ತಲ್ಲ ನಿಂಗೆ, ಕೇಳೋಕೆ.”

ಟೀ ಬಂತು. ಸಕ್ಕರೆ ಜಾಸ್ತಿಯೇ ಇತ್ತು. ಅವನು ಕುಡಿದು, ಅಕ್ಕನ ಮಗಳಿಗೂ ಇದು ತಾನು ಮಾಡಿದ ಚೀಟಿ ಎಂದು ತಿಳಿಸಿ, ಅವಳೆದುರೇ ಪಿನ್ನು ಕಿತ್ತ. ಪಿನ್ನನ್ನು ಜೇಬಿಗೆ ಹಾಕಿಕೊಂಡ. ಚೀಟಿಯನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದ. ಅಕ್ಕ ಅದನ್ನು ಇಸಿದುಕೊಂಡು ಆಸ್ಪತ್ರೆಯ ಚೀಲದೊಳಗೆ ಸೇರಿಸಿದಳು.

ಸೋಮವಾರ ಆಪರೇಷನ್ ಆಯಿತು. ನೆಂಟರು ಒಬ್ಬೊಬ್ಬರಾಗಿ ಆಸ್ಪತ್ರೆಯ ಮೊಗಸಾಲೆಗೆ ಬರುತ್ತಿದ್ದರು. ಬಂದವರಿಗೆಲ್ಲ ಬೈಂಡರ್ ಎದುರು ಹೋಗಿ, ಅಕ್ಕ ಹೇಗಿದ್ದಾಳೆ ಎಂದು ಅವರು ಕೇಳುವ ಮೊದಲೇ, ಅರವತ್ತು ತುಂಬಿದ ದಿನ ತಾನು ಹೇಳಿದ್ದು ತಪ್ಪು, ಅವಳು ಹಾಡಿದ್ದು ನಿಜ ಎಂದು ಹೇಳಿದ. ಕೆಲವರಿಗೆ ಆ ದಿನವೇ ಮರೆತುಹೋಗಿತ್ತು. ಬೀಗರು, “ಅಯ್ಯೋ, ಅದನ್ನ ನೀವು ಇನ್ನೂ ಮನಸ್ಸಲ್ಲಿಟ್ಕೊಂಡಿದ್ದೀರಾ?” ಎಂದರು. ಅವರಿಗೆ ಅದು ಊಟದ ನಂತರದ ಐದು ನಿಮಿಷದ ನಗು. ಒಬ್ಬಳ ಬಾಯಿಗೆ ಬೀಗ ಬೀಳಲು ಅಷ್ಟು ಸಾಕಾಗಿತ್ತು.

ಶುಕ್ರವಾರ ಅಕ್ಕ ದಿಂಬಿಗೆ ಒರಗಿ ಕೂರುವಷ್ಟಾದಳು. ಕುತ್ತಿಗೆಯಲ್ಲಿ ನಳಿಗೆ ಇತ್ತು, ಉಸಿರು ಅದರಿಂದ ಸುಯ್ ಎಂದು ಬಂದು ಹೋಗುತ್ತಿತ್ತು. ಬೈಂಡರ್ ಆ ದಪ್ಪ ರಿಜಿಸ್ಟರನ್ನು ಬಟ್ಟೆಯಲ್ಲಿ ಸುತ್ತಿ ಹೊತ್ತು ತಂದಿದ್ದ. ಮೂವತ್ತಾರು ವರ್ಷದಲ್ಲಿ ಅದು ಆ ಕೋಣೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ‘ದೀಪದಂಗಡಿ’ಯ ಪುಟ ತೆರೆದು, ನೂರ ಹನ್ನೆರಡನೆಯ ಪ್ರದರ್ಶನದ ಸಾಲನ್ನು ಬೆರಳಿಟ್ಟು ತೋರಿಸಿದ. ನಾಯಕಿಯ ಹೆಸರನ್ನು ಹೊಡೆದುಹಾಕಿ ಅದರ ಮೇಲೆ ಅಕ್ಕನ ಹೆಸರು ಬರೆದಿದ್ದ. ಆಧಾರ ಎಂಬ ಕಾಲಮ್ಮಿನಲ್ಲಿ, ‘ಅವಳೇ ಹೇಳಿದ್ದು’ ಎಂದಿತ್ತು.

ಅಕ್ಕ ಕನ್ನಡಕ ಏರಿಸಿಕೊಂಡು ಓದಿದಳು. ಒಂದು ಸಲ ಅವನ ಮುಖ ನೋಡಿದಳು, ಮತ್ತೆ ಪುಟ ನೋಡಿದಳು. ಸ್ಲೇಟು ಎತ್ತಿಕೊಂಡು ಬರೆದಳು.

‘ಪೆನ್ಸಿಲ್ಲಾ?’

ಅವನು ಬಗ್ಗಿ ನೋಡಿದ. ಹೌದು, ಪೆನ್ಸಿಲಿನಲ್ಲೇ ಬರೆದಿದ್ದ. ಹಿಂದಿನ ದಿನ ಮಧ್ಯಾಹ್ನ, ಅಷ್ಟು ಪಶ್ಚಾತ್ತಾಪದಲ್ಲಿ, ಅಷ್ಟು ಕಣ್ಣೀರಿನಲ್ಲಿ ಬರೆಯಲು ಕೂತಾಗಲೂ, ಬಾಯಿಮಾತು ಎಂದು ಗೊತ್ತಿದ್ದ ಕೈ ತಾನಾಗಿ ಪೆನ್ಸಿಲನ್ನೇ ಎತ್ತಿಕೊಂಡಿತ್ತು. ಅವನಿಗೆ ಅದು ತಿಳಿದೂ ಇರಲಿಲ್ಲ. ಮುಖ ಎಲ್ಲಿಡಲಿ ಎನ್ನುವಂತಾಯಿತು.

ಜೇಬು ತಡಕಿದ. ಪೆನ್ಸಿಲು ಇತ್ತು, ಚಿಕ್ಕ ಚಾಕು ಇತ್ತು, ಭಾನುವಾರದ ಪಿನ್ನು ಬೆರಳಿಗೆ ಚುಚ್ಚಿತು, ಪೆನ್ನು ಇರಲಿಲ್ಲ. ಬಾಗಿಲಿಗೆ ಹೋಗಿ ನರ್ಸಿನ ಹತ್ತಿರ ಬೇಡಿಕೊಂಡು ಪೆನ್ನು ತಂದ. ನೀಲಿ ಬಣ್ಣದ್ದು. ಮಂಚದ ಪಕ್ಕದ ಸ್ಟೂಲಿನ ಮೇಲೆ ರಿಜಿಸ್ಟರನ್ನಿಟ್ಟು, ಮಂಡಿಯೂರಿ, ಪೆನ್ಸಿಲಿನ ಗೆರೆಗಳ ಮೇಲೆ ಒತ್ತಿ ಒತ್ತಿ ಬರೆದ. ಹೆಸರಿನ ಮೇಲೆ ಬರೆದ, ‘ಅವಳೇ ಹೇಳಿದ್ದು’ ಎಂಬುದರ ಮೇಲೂ ಬರೆದ. ಕಪ್ಪು ಇಂಕಿನ ಪುಟದಲ್ಲಿ ಆ ಒಂದು ಸಾಲು ಮಾತ್ರ ನೀಲಿ.

“ಈಗ ಸರಿಯಾ ಅಕ್ಕಾ?” ಎಂದು ಕೇಳಿ, ಬರೆದದ್ದು ಒಣಗಲೆಂದು ಊದುತ್ತ, ಅಭ್ಯಾಸಬಲದಿಂದ ಉತ್ತರಕ್ಕೆ ಕಿವಿಗೊಟ್ಟ.

ನಳಿಗೆಯಲ್ಲಿ ಉಸಿರು ಬಂದು ಹೋಯಿತು. ಅಕ್ಕ ಸ್ಲೇಟಿಗೆ ಕೈ ಚಾಚಿದಳು.